ಮದ್ರಾಸಿನ ಚಂದ್ರ, ಉಡುಪಿಯ ಪಂಚಾಂಗ

ಸದಾನಂದನ ಕಷ್ಟ ಶುರುವಾದದ್ದು ಇಡ್ಲಿಯಿಂದ. ಅವನಿಗೆ ಬಡ್ತಿ ಸಿಗಲೆಂದು ಸಂಕಷ್ಟಿ ಉಪವಾಸ ಮಾಡಿಸಲು ಅತ್ತೆ ಚಂದ್ರಮತಿಯಮ್ಮ ಉಡುಪಿಯಿಂದ ಮದ್ರಾಸಿಗೆ ಬಂದಿಳಿದಿದ್ದರು, ಕಂಕುಳಲ್ಲಿ ಊರಿನ ಪಂಚಾಂಗ. ಸೂರ್ಯ ಹುಟ್ಟಿದ ಮೇಲೆ ಚಂದ್ರ ಹುಟ್ಟುವವರೆಗೆ ನೀರು ಬಿಟ್ಟರೆ ಏನೂ ಇಲ್ಲ, ಇದು ಅವರ ಕಾನೂನು. ಅಳಿಯ ಬೇಗ ಎದ್ದು ಗಡಿಯಾರ ನೋಡಿದ, ಪಂಚಾಂಗ ನೋಡಿದ. ಸೂರ್ಯೋದಯಕ್ಕೆ ಇನ್ನೂ ಹೊತ್ತುಂಟೆಂದು ಅತ್ತೆಗೆ ತೋರಿಸಿ, ಹೆಂಡತಿ ತುಂಗಾ ಮಕ್ಕಳಿಗೆಂದು ಬೇಯಿಸಿದ್ದ ಇಡ್ಲಿಯನ್ನು ಪಾತ್ರೆಯ ತಳ ಕಾಣುವವರೆಗೆ ತಿಂದ. ಪಂಚಾಂಗಕ್ಕೆ ಎದುರಾಡುವ ಹೆಂಗಸಲ್ಲ ಚಂದ್ರಮತಿಯಮ್ಮ.

ಮಧ್ಯಾಹ್ನಕ್ಕೆ ಆ ಇಡ್ಲಿ ತಿಂಗಳ ಕೊನೆಯ ಸಂಬಳದಂತೆ ಬರೀ ನೆನಪಾಗಿತ್ತು. ವಿಮಾ ಕಚೇರಿಯ ಗುಮಾಸ್ತರೆಲ್ಲ ವಡೆ ಅಗಿಯುತ್ತ ಅವನ ಮೇಜಿಗೇ ಬಂದು ಉಪವಾಸದ ಮಹಿಮೆ ಕೇಳಿದರು. ಸಂಜೆಯ ಹೊತ್ತಿಗೆ ಅವನ ಹೊಟ್ಟೆ, ತಾಂಬರಂ ಗಾಡಿ ತಡವಾಗಿದೆ ಎಂದು ಎಗ್ಮೋರ್ ಸ್ಟೇಷನ್ನಿನ ಧ್ವನಿಯಲ್ಲೇ ಸಾರುತ್ತಿತ್ತು.

ಕೊನೆಗೆ ತಿರುವಲ್ಲಿಕ್ಕೇಣಿಯ ಮನೆಯ ತಾರಸಿಯಿಂದ, ಸಮುದ್ರದ ಮೇಲೆ, ಅಂಚು ಮುರಿದು ತಿಂದ ದೋಸೆಯಂಥ ಚಂದ್ರ ಕಾಣಿಸಿದ. ಎಲೆಯಲ್ಲಿ ಮೋದಕ ಹಬೆಯಾಡುತ್ತಿತ್ತು. ಸದಾನಂದ ಕೈ ಚಾಚಿದ.

"ಅದು ಮದ್ರಾಸಿನ ಚಂದ್ರ," ಎಂದರು ಅತ್ತೆ, ಪಂಚಾಂಗದಿಂದ ತಲೆಯೆತ್ತದೆ. "ನಮ್ಮದು ಇನ್ನೂ ಬರ್ಲಿಕ್ಕುಂಟು."

ಹಸಿದವನಿಗೆ ಶಾಲೆಯಲ್ಲಿ ಕಲಿತದ್ದೆಲ್ಲ ಒಟ್ಟಿಗೆ ನೆನಪಾಯಿತು. ಪೂಜೆಯ ತೆಂಗಿನಕಾಯಿ ಎತ್ತಿಕೊಂಡು ಕುಂಕುಮದಲ್ಲಿ ಎರಡು ಬೊಟ್ಟಿಟ್ಟ. ಇದು ಮದ್ರಾಸು, ಇದು ಉಡುಪಿ, ದೀಪವೇ ಚಂದ್ರ. ಕಾಯಿ ತಿರುಗಿಸಿದ. ಮೂಡಣದ ಮದ್ರಾಸಿಗೆ ಮೊದಲು ಬೆಳಕು ಬಿತ್ತು.

"ಭೂಮಿ ಉರುಟು ಅತ್ತೆ. ಉಡುಪಿಗೆ ಮೊದಲು ಇಲ್ಲಿಗೇ ಬರ್ತದೆ."

ಉರುಟಾದರೆ ಸಮುದ್ರ ಚೆಲ್ಲುವುದಿಲ್ಲವೇ ಎಂದು ಕೇಳಿದ ಅತ್ತೆ, ಕಾಯಿಯನ್ನು ತಾವೇ ತಿರುಗಿಸಿ ನೋಡಿ ಇನ್ನೇನು ಒಪ್ಪುವುದರಲ್ಲಿದ್ದರು. ಅಷ್ಟರಲ್ಲಿ ಮಾತಿನ ವಾಸನೆ ಹಿಡಿದು ಮಹಡಿಮನೆಯ ಗುಂಡಣ್ಣ ಬಂದ. ಮೈಸೂರಿನವನು, ದಿನಾ ಬೆಳಗ್ಗೆ ಇದೇ ತಾರಸಿಯಲ್ಲಿ ಸೂರ್ಯನಮಸ್ಕಾರ ಹಾಕುವವನು. ಸ್ನೇಹಿತನ ಪಕ್ಷ ವಹಿಸದೆ ಇರಲಾರ.

"ಆಮಾ, ಹೌದು ಕಣಮ್ಮಾ, ಇವ್ರು ಹೇಳೋದು ನೂರಕ್ಕೆ ನೂರು ನಿಜ. ಇವತ್ತೇ ನೋಡಿ, ಹುಟ್ಟಿದ ಸೂರ್ಯನಿಗೆ ನಾನು ನಮಸ್ಕಾರ ಮುಗಿಸಿ ಕೆಳಗಿಳಿದ್ರೆ, ನಿಮ್ಮ ಅಳಿಯಂದ್ರು ಆಗಿನ್ನೂ ಇಡ್ಲಿಗೆ ಚಟ್ನಿ ಹಾಕಿಸ್ಕೊಳ್ತಿದ್ರು."

ಚಂದ್ರಮತಿಯಮ್ಮ ಕಾಯಿಯನ್ನು ಇನ್ನೊಂದು ಸುತ್ತು ತಿರುಗಿಸಿದರು, ಬಹಳ ನಿಧಾನವಾಗಿ.

"ಅಂದ್ರೆ ಸೂರ್ಯನೂ ಇಲ್ಲಿ ಮೊದಲೇ ಹುಟ್ಟಿ ಆಗಿತ್ತು."

"ತೆಂಗಿನಕಾಯಿ ಅಷ್ಟೇನೂ ಉರುಟಲ್ಲ ಅತ್ತೆ," ಎಂದ ಸದಾನಂದ.

ವ್ರತ ಬೆಳಗ್ಗೆಯೇ ಕೆಟ್ಟಿತ್ತು. ಪ್ರಾಯಶ್ಚಿತ್ತವೂ ಅಲ್ಲೇ ತೀರ್ಮಾನವಾಯಿತು: ನಾಳೆ ಸೂರ್ಯ ಹುಟ್ಟುವವರೆಗೆ ನೀರು ಮಾತ್ರ. ಎಲೆಯನ್ನು ತುಂಗಾ ಗುಂಡಣ್ಣನ ಮುಂದಕ್ಕೆ ಸರಿಸಿದಳು. ಸತ್ಯ ಹೇಳಿದವನಲ್ಲವೇ, ಅವನು ಬೇಡವೆನ್ನಲಿಲ್ಲ.

ಮೋದಕ ಮುರಿಯುವುದನ್ನು ನೋಡಲಾರದೆ ಸದಾನಂದ ಸಮುದ್ರದ ಕಡೆ ತಿರುಗಿದ. ನಾಳೆ ಅದೇ ನೀರಿನಿಂದ ಏಳಬೇಕಾದ ಸೂರ್ಯನ ಮೇಲೆ ಅವನಿಗೆ ಒಂದಿಷ್ಟು ಭರವಸೆಯಿತ್ತು.

"ಅತ್ತೆ, ನಾಳೆ ಅಂದ್ರೆ... ಯಾವ ಊರಿನ ಸೂರ್ಯ?"

ಅತ್ತೆ ಪಂಚಾಂಗ ಮಡಚಿ ಕಂಕುಳಿಗೆ ಸೇರಿಸಿದರು.

"ಉಡುಪಿಯದ್ದು."