ಸಾಹೇಬರ ಅಳತೆಯ ಆರೋಗ್ಯ

ತೂಕ ಮತ್ತು ಅಳತೆ ಕಚೇರಿಯ ಮುದ್ರೆ ಬೀಳದ ಯಾವ ವಸ್ತುವನ್ನೂ ನಂಬತಕ್ಕದ್ದಲ್ಲ ಎಂಬುದು ನಿಯಮ. ಆದ್ದರಿಂದ, ಸಿಬ್ಬಂದಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರುವ ಮೊದಲೇ ತಡೆಯಲೆಂದು ತಪಾಸಣೆಗೆ ಬಂದ ಡಾಕ್ಟರಮ್ಮನ ಯಂತ್ರಗಳನ್ನು ಬಾಗಿಲಲ್ಲೇ ಜಪ್ತಿ ಮಾಡಲಾಯಿತು.

"ಇವಕ್ಕೆ ನಮ್ಮ ಮುದ್ರೆ ಎಲ್ಲಿ?" ಎಂದರು ಸಾಹೇಬರು.

"ಸರ್, ಇದು ಬಿಪಿ ನೋಡೋ ಯಂತ್ರ."

"ಇರಬಹುದಮ್ಮ. ಅದು ನಿಜ ಹೇಳುತ್ತೆ ಅಂತ ಯಾರು ಹೇಳಿದ್ದು?"

ಯಾವ ತಕ್ಕಡಿಯನ್ನಾದರೂ ಕಚೇರಿಯ ಮೂಲ ತೂಕದ ಕಲ್ಲಿಗೆ ಹೋಲಿಸಿ ಸರಿಪಡಿಸುವುದು ಅಲ್ಲಿನ ಪದ್ಧತಿ. ಮನುಷ್ಯರಿಗೆ ಅಂಥ ಕಲ್ಲು ಇರಲಿಲ್ಲವಾಗಿ, ಹಿರಿತನದ ಮೇಲೆ ಸಾಹೇಬರೇ ಮೂಲ ಕಲ್ಲೆಂದು ಆದೇಶವಾಯಿತು. ಸಾಹೇಬರು ಎದ್ದರೆ ಕುರ್ಚಿಯೂ ಜೊತೆಗೇ ಏಳುತ್ತಿತ್ತು. ಅವರ ಒತ್ತಡಕ್ಕೆ ಯಂತ್ರದ ಪಾದರಸ ಗಾಜು ಒಡೆದುಕೊಂಡು ಸೂರಿಗೆ ಹಾರಿತು. ಕಂಡವರು ಇನ್ನೂ ಇದ್ದಾರೆ. ಅದು ತಗುಲಿದಲ್ಲಿ ಗೆರೆ ಎಳೆದು, 'ಆರೋಗ್ಯ' ಎಂದು ಬರೆದು ಮುದ್ರೆ ಒತ್ತಲಾಯಿತು.

ಏಣಿ ಹತ್ತಿ ಮುದ್ರೆ ಒತ್ತಿದವನು ಕಡ್ಡಿ ಮಾಮ. ದಿನಾ ಕೆಲಸಕ್ಕೆ ನಡೆದೇ ಬರುವವನು. ಅವನು ಕಚೇರಿ ಸೇರಿದಾಗ ಅವನ ನೆರಳು ಇನ್ನೂ ಹಿಂದಿನ ಬೀದಿಯಲ್ಲಿ ಏದುಸಿರು ಬಿಡುತ್ತಿರುತ್ತಿತ್ತು. ತಪಾಸಣೆಯಲ್ಲಿ ಅವನೊಬ್ಬನೇ ನಪಾಸು.

"ಎಲ್ಲದರಲ್ಲೂ ಕೊರತೆ ಕಣಯ್ಯಾ," ಸಾಹೇಬರು ಮರುಗಿದರು. "ಒತ್ತಡ ಇಲ್ಲ, ಸಕ್ಕರೆ ಇಲ್ಲ, ಹೊಟ್ಟೆಯಂತೂ ಹುಡುಕಿದರೂ ಸಿಗಲಿಲ್ಲ. ಹೇಗಯ್ಯಾ ಬದುಕಿದ್ದೀಯ?"

"ಇಲ್ಲಿ ಆರೋಗ್ಯವಾಗಿರೋದೇ ಅವರೊಬ್ಬರು!" ಡಾಕ್ಟರಮ್ಮ ಕೂಗಿದರು.

"ಹೊರಗಿನವರ ಅಭಿಪ್ರಾಯವನ್ನು ಗಮನಿಸಲಾಗಿದೆ," ಎಂದು ಸಾಹೇಬರು ಅವರಿಗೊಂದು ಕೇಕು ಕೊಡಿಸಿದರು.

ಅಳತೆಗೆ ಬಾರದ ಕಲ್ಲನ್ನು ಗುಜರಿಗೆ ಹಾಕುವುದು ಕ್ರಮ. ಮಾಮನಿಗೆ ತಿಂಗಳೊಪ್ಪತ್ತಿನ ಗಡುವು ಸಿಕ್ಕಿತು. ಅಷ್ಟರಲ್ಲಿ ಅಳತೆಗೆ ಬರದಿದ್ದರೆ ಕೆಲಸಕ್ಕೆ ಸಂಚಕಾರ. ಗೋಡೆಯ ಮೇಲೆ ಪ್ರಕಟಣೆ ಬಿತ್ತು: "ಸದರಿ ನೌಕರನು ನಡೆಯತಕ್ಕದ್ದಲ್ಲ. ಕರಿದದ್ದನ್ನು ಕರಿದದ್ದರೊಂದಿಗೇ ನಂಜಿಕೊಳ್ಳತಕ್ಕದ್ದು. ನಿದ್ದೆ ಬಂದಲ್ಲಿ ಸಿಗರೇಟು ಸೇದಿ ಓಡಿಸತಕ್ಕದ್ದು."

ಮನೆಯಲ್ಲಿ ಹೆಂಡತಿ ತಟ್ಟೆಯ ತುಂಬ ಸುರಿದಳು. ಮಾಮ ಗೋಗರೆದ: "ಸಂಜೆ ಒಂದೇ ಒಂದು ಸುತ್ತು ನಡ್ಕೊಂಡು ಬರ್ತೀನಿ ಕಣೇ. ಕಾಲು ಜೋಮು ಹಿಡಿದಿದೆ."

"ಸುಮ್ನೆ ಕೂತ್ಕೊಳ್ಳಿ! ಕೆಲಸ ಹೋದ್ಮೇಲೆ ಕಾಲು ಇಟ್ಕೊಂಡು ಏನ್ರೀ ಮಾಡ್ತೀರಾ?"

ಮಾಮ ಕೂತ. ತಿಂದ. ಕೆಮ್ಮಿದ. ಒಂದು ಬೆಳಿಗ್ಗೆ ಅವನ ಅಂಗಿಯ ಗುಂಡಿ ಸಿಡಿದು ಎದುರುಮನೆಯ ಕಿಟಕಿಯ ಗಾಜು ಒಡೆಯಿತು. ಆ ಮನೆಯವರು ಗುಂಡಿಯನ್ನು ತಟ್ಟೆಯಲ್ಲಿಟ್ಟು, ಅಭಿನಂದನೆ ಹೇಳಿ ಹಿಂತಿರುಗಿಸಿದರು.

ಗಡುವಿನ ದಿನ ಪಾದರಸ ಸೂರಿನ ಗೆರೆಗೆ ನೆಟ್ಟಗೆ ಹೋಗಿ ಅಂಟಿಕೊಂಡಿತು. ಕಚೇರಿಯೆಲ್ಲ ಚಪ್ಪಾಳೆ. ಸಾಹೇಬರು ತಬ್ಬಿಕೊಳ್ಳಲು ಬಂದರು. ಹೊಟ್ಟೆಗೆ ಹೊಟ್ಟೆ ತಾಗಿ ಕೈ ನಿಲುಕಲಿಲ್ಲ. ಕಣ್ಣೊರೆಸಿಕೊಂಡು ಮಾಮನ ಮಣಿಕಟ್ಟಿಗೆ ಮುದ್ರೆ ಒತ್ತಿದರು. ಕೆಲಸ ಉಳಿಯಿತು.

ಆ ಸಂಜೆ ಮಾಮನಿಗೆ ತನ್ನ ಮಹಡಿ ಮನೆಗೆ ಹತ್ತಲಾಗಲಿಲ್ಲ. ಕೆಳಗಿನ ಮೆಟ್ಟಿಲಲ್ಲೇ ಕುಸಿದು ಕೂತ. ಹೆಂಡತಿ ಹೆಮ್ಮೆಯಿಂದ ಹಾಸಿಗೆ, ದಿಂಬು, ತಟ್ಟೆ ಎಲ್ಲವನ್ನೂ ಕೆಳಗೇ ತಂದಿಟ್ಟಳು. ಪಕ್ಕದ ಮನೆಯಾಕೆ ಮುದ್ರೆ ಮುಟ್ಟಿ ನೋಡಿ ನಿಟ್ಟುಸಿರಿಟ್ಟಳು.

"ನಮ್ಮೆಜಮಾನರು ದಿನಾ ಬೆಳಿಗ್ಗೆ ಎದ್ದು ಓಡ್ತಾರೆ ಮಾಮ. ನೋಡೋಕಾಗಲ್ಲ. ಏನಾದ್ರೂ ದಾರಿ ಇದ್ಯಾ?"

ಮಾಮ ಬಹಳ ಹೊತ್ತು ಉಸಿರು ಹುಡುಕಿಕೊಂಡ.

"ಕಳಿಸಿಕೊಡಮ್ಮ," ಎಂದು ಪಕ್ಕಕ್ಕೆ ಸರಿದು, ಮೆಟ್ಟಿಲ ಮೇಲೆ ಆಕೆಯ ಗಂಡನಿಗೂ ಜಾಗ ಮಾಡಿದ.