ಬಾಲದ ದೀಪದ ನೀರು

ಹೊಸ ಮಡಕೆಗೆ ಮೊದಲ ಸಲ ನೀರು ಹುಯ್ದಾಗ ಏಳುವ ವಾಸನೆ ಬಂದರೆ ಮುನೀಂದ್ರನಿಗೆ ನಾಟ್ರಾಂಪಾಳ್ಯದ ಅಜ್ಜಿಯ ಮನೆ ನೆನಪಾಗುತ್ತಿತ್ತು. ಅಲ್ಲಿ ನಡುಮನೆಯ ಮೂಲೆಯಲ್ಲಿ, ಮರಳಿನ ಮೇಲೆ ಮಡಕೆ ಕೂತಿರುತ್ತಿತ್ತು. ಹುಡುಗ ಬಂದು ಅದಕ್ಕೆ ಮೂಗು ಒತ್ತಿಕೊಂಡು ನಿಂತರೆ ಅಜ್ಜಿ ಬೈಯುತ್ತಿರಲಿಲ್ಲ. ಬಾಯಾರಿಕೆ ಇಲ್ಲದಿದ್ದರೂ ಒಂದು ಲೋಟ ಬಗ್ಗಿಸಿ ಕೊಡುತ್ತಿದ್ದಳು. ಈಗ ಐವತ್ತು ದಾಟಿದ ಮೇಲೆ, ಶುಕ್ರವಾರದ ಬೆಳಿಗ್ಗೆ, ಬಾಗಲೂರಿನ ತನ್ನ ಮನೆಯೆದುರು ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತಾಗ ಅದೇ ವಾಸನೆ ಬಂತು. ಬಂದದ್ದು ಅವನಿಗೆ ಚೂರೂ ಹಿಡಿಸಲಿಲ್ಲ. ಏಕೆಂದರೆ ಕಾರಿನ ಎಡಗಡೆಯ ಹಿಂದಿನ ದೀಪದೊಳಗೆ ಅರ್ಧದವರೆಗೆ ನೀರು ನಿಂತಿತ್ತು. ಎರಡು ಮೀನು ಬಿಟ್ಟಿದ್ದರೆ ಸಂಸಾರ ಹೂಡುತ್ತಿದ್ದವು.

ಆಯುಧಪೂಜೆಯ ರಜೆಯಲ್ಲಿ ಕಾರು ನಿಂತಲ್ಲೇ ನಿಂತಿತ್ತು. ರಜೆ ಮುಗಿದ ಮೇಲೆ ಮಳೆ ಹಿಡಿಯಿತು, ಮುನೀಂದ್ರ ಕಂಪನಿ ಬಸ್ಸಿನಲ್ಲೇ ಹೊಸೂರಿಗೆ ಹೋಗಿಬಂದ. ಹಾರ ಒಣಗಿತ್ತು, ಬಾಳೆಕಂದು ಬಾಡಿತ್ತು, ದೀಪ ಮಾತ್ರ ಕೆರೆಯಾಗಿತ್ತು.

"ರಮಾ, ಹಿಂದೆ ನಿಂತ್ಕೊ. ಬ್ರೇಕ್ ತುಳೀತೀನಿ, ಉರೀತದಾ ನೋಡು."

ರಮಾದೇವಿ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. "ಉರೀತಾ ಐತೆ. ಅಲ್ಲ, ಆರೋಯ್ತು. ಅಲ್ಲಾರೀ, ಅದು ಕಣ್ಣು ಹೊಡೀತಾ ಐತೆ."

ಮುನೀಂದ್ರ ಬಾಗಿಲನ್ನು ಧಡಾರನೆ ಹಾಕಿದ. ಹೊಸೂರಿನ ಕಾರ್ಖಾನೆಯಲ್ಲಿ ತಯಾರಾದ ಸಾಮಾನನ್ನು ತಪಾಸಣೆ ಮಾಡುವುದು ಅವನ ಕೆಲಸ. ಕೂದಲೆಳೆಯಷ್ಟು ಗೀರು ಕಂಡರೂ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು ಪಕ್ಕಕ್ಕೆ ಎಸೆಯುವ ಮನುಷ್ಯ. ಅಂಥವನ ಕಾರೇ ಇಂದು ತಪಾಸಣೆಗೆ ನಿಲ್ಲಬೇಕಿತ್ತು. ಗಾಡಿಗೆ ಹದಿನೈದು ವರ್ಷ ತುಂಬಿತ್ತು. ಮೂರು ಗಂಟೆಗೆ ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರ್ ಎದುರು ನಿಲ್ಲಿಸಿ ದೀಪ, ಬ್ರೇಕು ಎಲ್ಲ ಸರಿ ಅನ್ನಿಸಿಕೊಳ್ಳದಿದ್ದರೆ ನಾಳೆಯಿಂದ ಅದು ರಸ್ತೆಗೆ ಇಳಿಯುವಂತಿರಲಿಲ್ಲ.

ಸೋಮವಾರ ಮಗಳು ಸಿಂಧುವನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಮದುವೆಯಾಗಿ ಇಷ್ಟು ವರ್ಷವಾದರೂ ಮಡಿಲು ತುಂಬಿಲ್ಲ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಹೋದ ಸಲ ಬಾಡಿಗೆ ಕಾರಿನಲ್ಲಿ ಹೋಗಿ ಬಂದವಳು, "ಆ ಡ್ರೈವರ್ ಎದುರಿಗೆ ಅಳೋಕೂ ಆಗ್ಲಿಲ್ಲಮ್ಮ," ಎಂದಿದ್ದಳು. ಅಡುಗೆಮನೆಯಲ್ಲಿ ಆಡಿದ ಮಾತು ಪಡಸಾಲೆಯಲ್ಲಿದ್ದ ಮುನೀಂದ್ರನ ಕಿವಿಗೆ ಬಿದ್ದಿತ್ತು. ಅವನು ಆಗ ಪೇಪರ್ ಓದುತ್ತಿದ್ದವನು, ಪೇಪರನ್ನೇ ಬೈದಿದ್ದ. ಆಮೇಲೆ, "ಇನ್ಮೇಲೆ ನಾನೇ ಕರ್ಕೊಂಡೋಗ್ತೀನಿ," ಎಂದಿದ್ದ.

"ಏನ್ಲಾ ಮುನೀಂದ್ರ, ಹಬ್ಬ ಮುಗ್ದೋದ್ರೂ ನಿನ್ ಗಾಡಿ ಬಾಲ ನಮ್ ಜಾಗದಾಗೇ ಐತಲ್ಲ."

ಪಕ್ಕದ ಮನೆಯ ಗೋಪಾಲಪ್ಪ ಬಂದಿದ್ದ. ಬಸ್ಸು ಓಡಿಸಿ ನಿವೃತ್ತನಾದವನು; ಬಸ್ಸು ಹೋದರೂ ಹಾರನ್ನು ಗಂಟಲಲ್ಲೇ ಉಳಿದಿತ್ತು. ಮುನೀಂದ್ರನ ಮನೆಯ ಅಗಲಕ್ಕಿಂತ ಕಾರು ಒಂದು ಮೊಳ ಉದ್ದ. ಆ ಒಂದು ಮೊಳ ಗೋಪಾಲಪ್ಪನ ಮನೆಯೆದುರಿಗೆ ಚಾಚಿಕೊಂಡಿರುತ್ತಿತ್ತು.

"ಇಲ್ಲಿಂದ ನಂದು ಕಣ್ಲಾ," ಎಂದು ಗೋಪಾಲಪ್ಪ ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೆರೆ ಎಳೆದ. ಎರಡು ರಾಜ್ಯಗಳ ಗಡಿ ಊರಾಚೆ ಸುಮ್ಮನೆ ಬಿದ್ದುಕೊಂಡಿತ್ತು. ಈ ಗಡಿ ಮಾತ್ರ ದಿನಾ ಬೆಳಿಗ್ಗೆ ಎದ್ದು ಜಗಳಕ್ಕೆ ಬರುತ್ತಿತ್ತು.

ಮುನೀಂದ್ರನಿಗೆ ನೆತ್ತಿ ಕಾದುಹೋಯಿತು. "ಬಾಲ ನಿನ್ ಜಾಗದಾಗೈತಾ ಗೋಪಾಲಣ್ಣ? ಸರಿ. ಹಂಗಾದ್ರೆ ಬಾಲದೊಳಗೆ ಏನಿದ್ರೂ ನಿಂದೇ, ನಿನ್ ಮನೇದೇ. ಈಗ ನೀರೈತೆ, ಮೊಗ್ಕೊಂಡು ಕುಡಿ."

ರಂಗೋಲಿ ಬಿಡುತ್ತಿದ್ದ ಗೋಪಾಲಪ್ಪನ ಹೆಂಡತಿ ಅಂಜಿನಮ್ಮ ತಲೆ ಎತ್ತದೆ ನಕ್ಕಳು.

ಗೋಪಾಲಪ್ಪ ಕೋಪಿಸಿಕೊಂಡು ಒಳಗೆ ಹೋದ. ಹೋದವನು ಬಚ್ಚಲುಮನೆಗೆ ತಂದು ಉಳಿದಿದ್ದ ಸಿಲಿಕೋನ್ ಅಂಟಿನ ಟ್ಯೂಬು ಹಿಡಿದುಕೊಂಡು ವಾಪಸು ಬಂದ. ಮೊಣಕಾಲಿಗೆ ಕಲ್ಲು ಒತ್ತದಿರಲೆಂದು ಒಂದು ಗೋಣಿತಾಟನ್ನೂ ತಂದು ಮುನೀಂದ್ರನ ಕಾಲಬುಡದಲ್ಲಿ ಹಾಸಿದ. ಜಗಳ ಬೇರೆ, ಮೊಣಕಾಲು ಬೇರೆ.

"ನೀರು ಒಳಕ್ಕೆ ಹೋಗೋ ಸಂದು ಮುಚ್ಬುಟ್ರೆ ಆಯ್ತು."

"ಒಳಗಿರೋ ನೀರು?"

"ಅದೇನ್ಮಾಡ್ತದೆ, ಒಣಗ್ತದೆ. ನಾನು ಬಸ್ಸು ಓಡಿಸ್ದೋನು ಕಣ್ಲಾ."

ಓಡಿಸಿದವನು ದೀಪದ ಸುತ್ತ ಅಂಟು ಬಳಿದ. ಹುಟ್ಟುಹಬ್ಬದ ಕೇಕಿಗೆ ಬೆಣ್ಣೆ ಬಳಿದ ಹಾಗೆ ದಪ್ಪವಾಗಿ, ಅಲೆಅಲೆಯಾಗಿ ಬಳಿದ. ಹುಳಿ ಬಂದ ಉಪ್ಪಿನಕಾಯಿಯಂಥ ವಾಸನೆ ಬೀದಿಯ ತುದಿಯವರೆಗೂ ಹಬ್ಬಿತು.

ಆ ವಾಸನೆಗೋ ಏನೋ ಗೋಪಾಲಪ್ಪನ ಸೊಸೆ ಭಾನು ಹೊರಗೆ ಬಂದಳು. ಮುಂದಿನ ಕೋಣೆಯಲ್ಲಿ ಅವಳದೊಂದು ಪುಟ್ಟ ಬ್ಯೂಟಿ ಪಾರ್ಲರ್. ಕೈಯಲ್ಲಿ ಕೂದಲು ಒಣಗಿಸುವ ಮಿಷನ್ನಿತ್ತು, ಹಿಂದೆ ಉದ್ದನೆಯ ವೈರು ಬಾಲದಂತೆ ಬರುತ್ತಿತ್ತು.

"ಮಾವ, ಇದು ಹಿಡಿದು ನೋಡಿ. ಎಂಥಾ ಕೂದಲಾದ್ರೂ ಒಣಗ್ತದೆ, ದೀಪ ಒಣಗಲ್ವಾ," ಎಂದವಳು ಅಂಟಿನ ಹತ್ತಿರ ಬರುತ್ತಲೇ ಮುಖ ಬಿಳಿಚಿಕೊಂಡು, ಮಿಷನ್ನನ್ನು ಮುನೀಂದ್ರನ ಕೈಗೆ ತುರುಕಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

"ಈಗಿನ ಕಾಲದೋರಿಗೆ ಒಂದು ವಾಸನೇನೂ ತಡ್ಯಕ್ಕಾಗಲ್ಲ," ಎಂದು ಮುನೀಂದ್ರ ಸಿಡುಕಿದ. ಅವನಿಗೆ ಆ ಹೊತ್ತಿನಲ್ಲಿ ಈಗಿನ ಕಾಲದವರು, ಆಗಿನ ಕಾಲದವರು, ಕಾರು ಕಂಡುಹಿಡಿದವರು ಎಲ್ಲರ ಮೇಲೂ ಸಿಟ್ಟಿತ್ತು.

ಮಿಷನ್ನನ್ನು ದೀಪಕ್ಕೆ ಹಿಡಿದ. ಬಿಸಿಗಾಳಿ ತಾಗಿ ಒಳಗಿನ ನೀರು ಆವಿಯಾಯಿತು. ಹೊರಗೆ ಹೋಗಲು ದಾರಿಯಿಲ್ಲ, ಗೋಪಾಲಪ್ಪ ಸುತ್ತ ಕೋಟೆ ಕಟ್ಟಿದ್ದ. ದೀಪದ ಗಾಜೆಲ್ಲ ಬೆಳ್ಳಗೆ ಮಂಜು ಕವಿದು, ಇಡ್ಲಿ ಬೆಂದ ಪಾತ್ರೆಯ ಮುಚ್ಚಳದ ಹಾಗೆ ಹನಿಹನಿ ಇಳಿಯತೊಡಗಿತು.

"ಆವಿ ಬಂತು," ಎಂದ ಗೋಪಾಲಪ್ಪ, ಹೆಮ್ಮೆಯಿಂದ.

"ಚಟ್ನಿ ತಗೊಂಬಾ," ಎಂದ ಮುನೀಂದ್ರ.

ಹನ್ನೆರಡರ ಸುಮಾರಿಗೆ ಕುಮಾರೇಶ್ ಬೈಕಿನಲ್ಲಿ ಬಂದಿಳಿದ. ಮುನೀಂದ್ರನ ಕೈಕೆಳಗೆ ಕೆಲಸ ಮಾಡುವ ತಮಿಳಿನವನು. ತಪಾಸಣೆಯ ಜಾಗದಲ್ಲಿ ಸಾರ್ ಸಿಟ್ಟಾಗಿ ಯಾರ ಜೊತೆಗಾದರೂ ಜಗಳಕ್ಕೆ ಬೀಳಬಾರದೆಂದು ಅರ್ಧ ದಿನ ರಜೆ ಹಾಕಿ ಬಂದಿದ್ದ. ಬಂದ ಕಾರಣವನ್ನು ಮಾತ್ರ ಅವನು ಹೇಳಲಿಲ್ಲ.

"ಪರವಾಯಿಲ್ಲ ಸಾರ್, ಟೆನ್ಷನ್ ಬೇಡ. ನಮ್ದು ಫ್ಯಾಕ್ಟ್ರಿ ತರಾನೇ ಲೀಕ್ ಟೆಸ್ಟ್ ಮಾಡೋಣ. ಮೇಲಿಂದ ನೀರು ಬಿಟ್ಟು, ಎಂಗೆ ಒಳಗೆ ಹೋಗ್ತದೆ ಅಂತ ಕೊಂಜ ನೋಡೋಣ."

ಇದು ಮುನೀಂದ್ರನಿಗೆ ಸರಿ ಅನ್ನಿಸಿತು. ಕಾರ್ಖಾನೆಯ ಮಾತೆಂದರೆ ಅವನಿಗೆ ಸರಿ ಅನ್ನಿಸಿಯೇ ಬಿಡುತ್ತಿತ್ತು. ಗಿಡಕ್ಕೆ ಬಿಡುವ ಪೈಪು ತಂದರು. ಕುಮಾರೇಶ್ ಡಿಕ್ಕಿಯ ಅಂಚಿಗೆ ನೀರು ಹಿಡಿದ. ಗೋಪಾಲಪ್ಪನ ಅಂಟು ಒಂದು ಹನಿಯನ್ನೂ ಬಿಡಲಿಲ್ಲ. ಆದರೆ ನೀರು ಅಂಟಿನ ಕಡೆಗೇ ಬರಲಿಲ್ಲ. ಡಿಕ್ಕಿಯ ಅಂಚಿನ ಕೆಳಗೆ, ಯಾರೂ ನೋಡದ ಜಾಗದಲ್ಲಿ ಹಳೇ ರಬ್ಬರು ಬಿರುಕು ಬಿಟ್ಟಿತ್ತು. ಅಲ್ಲಿಂದ ತನ್ನ ಮನೆಗೆ ತಾನೇ ಬಂದ ಹಾಗೆ ನೆಟ್ಟಗೆ ಒಳಗಿಳಿಯಿತು. ನೋಡನೋಡುತ್ತ ದೀಪ ಕಂಠದವರೆಗೆ ತುಂಬಿತು.

"ಸಾರ್, ಲೀಕ್ ಕನ್ಫರ್ಮ್," ಎಂದ ಕುಮಾರೇಶ್.

ಮುನೀಂದ್ರ ಪೈಪು ಕಿತ್ತುಕೊಂಡು ಎಸೆದ. ಅದು ಹಾವಿನಂತೆ ಹೊರಳಿ ಗೋಪಾಲಪ್ಪನನ್ನೂ, ಅವನು ಎಳೆದ ಗೆರೆಯನ್ನೂ ಒದ್ದೆ ಮಾಡಿತು. "ಬೆಳಿಗ್ಗೆ ಅರ್ಧ ಇತ್ತು. ನೀವೆಲ್ಲ ಸೇರಿ ಸಹಾಯ ಮಾಡಿ ಪೂರ್ತಿ ಮಾಡಿದ್ರಿ. ಇನ್ನೊಬ್ಬ ಯಾವನಾದ್ರೂ ಬಂದ್ರೆ ತೆಪ್ಪ ಬಿಡಬಹುದು. ಹೋಗ್ರಯ್ಯಾ ಎಲ್ಲಾ."

ಗೋಪಾಲಪ್ಪ ಬಟ್ಟೆ ಹಿಂಡಿಕೊಳ್ಳುತ್ತ ಮನೆಗೆ ಹೋದ. ಕುಮಾರೇಶ್ ಹೋಗಲಿಲ್ಲ, ತಪ್ಪು ಮಾಡಿದ ಮಗುವಿನಂತೆ ಪೈಪನ್ನು ಸುತ್ತಿಡತೊಡಗಿದ. ರಮಾದೇವಿ ಊಟಕ್ಕೆ ಕರೆದಳು. "ನಂಗೆ ಬೇಡ," ಎಂದು ಮುನೀಂದ್ರ ಕಿರುಚಿದ.

ಕಿರುಚಿದ ಬಾಯಿ ಮುಚ್ಚುವುದರೊಳಗೆ ಅವನಿಗೆ ಹೊಳೆಯಿತು. ಇಂಥ ದೀಪದ ಹೊಟ್ಟೆಯಡಿ ಒಂದು ಸಣ್ಣ ತೂತು ಇದ್ದೇ ಇರುತ್ತದೆ. ಒಳಗೆ ಹನಿ ಸೇರಿದರೂ ಕೆಳಗಿನಿಂದ ಇಳಿದುಹೋಗಲಿ ಎಂದೇ ಬಿಟ್ಟಿರುತ್ತಾರೆ. ಹಿಂದಿನ ಮಳೆಗಾಲಗಳಲ್ಲೂ ಈ ರಬ್ಬರು ಹೀಗೇ ಬಿರುಕು ಬಿಟ್ಟಿದ್ದಿರಬೇಕು, ನೀರು ಬಂದ ಹಾಗೇ ಹೋಗುತ್ತಿತ್ತು. ಅಂದರೆ ನೀರು ಒಳಗೆ ಸೋರುತ್ತಿರುವುದು ರೋಗವಲ್ಲ, ಹೊರಗೆ ಸೋರದೆ ಇರುವುದೇ ರೋಗ. ತೂತು ಕಟ್ಟಿಕೊಂಡಿದೆ.

"ರಮಾ, ಹಳೇ ಛತ್ರಿ ಕಡ್ಡಿ ಕೊಡು. ಒಂದು ನಿಮಿಷದ ಕೆಲಸ."

ಎರಡೂವರೆಯಾಗಿತ್ತು. ಗೋಣಿತಾಟಿನ ಮೇಲೆ ಬೆನ್ನು ಹಾಕಿ ಮಲಗಿ, ಬಂಪರಿನ ಸಂದಿಗೆ ಮೊಬೈಲಿನ ಬೆಳಕು ಬಿಟ್ಟ. ಬೆಳಗಿನ ವಾಸನೆ ಗಪ್ಪನೆ ಬಂತು. ತೂತಿನ ಬಾಯಿಗೆ ಅಂಟಿಕೊಂಡು ಒಂದು ಮಡಕೆ ಇತ್ತು. ಗೋಲಿಯ ಗಾತ್ರದ, ಕಂಠವೂ ಅಂಚೂ ಇರುವ, ಒದ್ದೆ ಕೆಮ್ಮಣ್ಣಿನ ಮಡಕೆ. ಪಕ್ಕದಲ್ಲಿ ಅರ್ಧ ಕಟ್ಟಿದ ಇನ್ನೊಂದು. ಅಜ್ಜಿಯ ಮನೆಯ ಮಡಕೆಯನ್ನು ಯಾರೋ ಬೆರಳ ತುದಿಯಷ್ಟು ಮಾಡಿ ಇಟ್ಟ ಹಾಗಿತ್ತು. ಕಣಜದ ಹುಳ ಕಟ್ಟಿದ ಗೂಡು.

ರಮಾದೇವಿಯೂ ಬಗ್ಗಿ ನೋಡಿದಳು. ನೋಡಿ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು. ಕಣಜದ ಹುಳ ಮನೆಯಲ್ಲಿ ಮಣ್ಣಿನ ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುವ ಕಾಲ ಬಂತೆಂದು ಆ ಸೀಮೆಯಲ್ಲಿ ಕನ್ನಡದವರೂ ನಂಬುತ್ತಾರೆ, ತಮಿಳರೂ ನಂಬುತ್ತಾರೆ. ಹುಳ ತಾನಾಗಿ ಹಾರಿಹೋಗುವವರೆಗೆ ಗೂಡನ್ನು ಯಾರೂ ಮುಟ್ಟುವುದಿಲ್ಲ. ದೇವರಮನೆಯಲ್ಲಿ ಕಟ್ಟಿದರೆ ಪಟವನ್ನೇ ಬೇರೆ ಕಡೆ ಇಡುತ್ತಾರೆ.

"ಇದನ್ನೆಲ್ಲ ನಂಬ್ತೀಯಾ ನೀನು? ಬಿಎಸ್ಸಿ ಓದಿದೋಳು," ಎಂದ ಮುನೀಂದ್ರ, ಮಲಗಿದಲ್ಲಿಂದಲೇ.

"ನಂಬ್ತೀನಿ ಅಂದ್ನಾ ನಾನು? ಚುಚ್ಚಿ. ಸೋಮವಾರ ಗಾಡಿ ಬೇಕಲ್ಲ." ಕಡ್ಡಿಯತ್ತ ನೋಡುತ್ತ ಹೇಳಿದಳು, "ಆದ್ರೆ ನಾಳೆ ಸಿಂಧು ಅತ್ರೆ ನಂಗೆ ಈ ಕಡ್ಡೀನೇ ನೆನಪಾಗ್ತದೆ."

ಮುನೀಂದ್ರ ಕಡ್ಡಿ ಎತ್ತಿದ. ಆಗಲೇ ಹುಳ ಬಂತು. ಕಾಲುಗಳ ನಡುವೆ ಹಸಿರು ಕಂಬಳಿಹುಳವೊಂದನ್ನು ಹಿಡಿದುಕೊಂಡಿತ್ತು, ತನ್ನ ಮೈಗಿಂತ ಭಾರ. ಕಡ್ಡಿ ಕಂಡು ಅದು ಕುಟುಕಲಿಲ್ಲ, ಹೆದರಿ ಓಡಲೂ ಇಲ್ಲ. ರೇಷನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಂತ ಹೆಂಗಸಿನಂತೆ ಒಂದು ಮಾರು ದೂರದಲ್ಲಿ ಗುಂಯ್‌ಗುಡುತ್ತ ಕಾಯಿತು.

"ಬೇಗ ಮುಗಿಸ್ಕೊಂಡು ಹೋಗೇ," ಎಂದು ಅದರ ಮೇಲೂ ರೇಗಿ, ಮುನೀಂದ್ರ ಕಡ್ಡಿಯನ್ನು ಚರಂಡಿಗೆ ಬಿಸಾಡಿದ.

"ಸಾರ್, ಬೇರೆ ತೂತು ಕೊರೆಯೋಣ?" ಎಂದ ಕುಮಾರೇಶ್.

"ಅದುರಿದ್ರೆ ಗೂಡು ಬಿದ್ದೋಗ್ತದೆ," ಎಂದಳು ರಮಾದೇವಿ.

"ಹಂಗಾದ್ರೆ ಇಂಗೇ ಓಡಿಸ್ಕೊಂಡು ಹೋಗಿ ಇನ್ಸ್‌ಪೆಕ್ಟರ್ ಕೈಕಾಲು ಹಿಡಿಯೋಣ ಸಾರ್."

ಮುನೀಂದ್ರ ಕಾರು ಹತ್ತಿ ಕೀ ತಿರುಗಿಸುವಷ್ಟರಲ್ಲಿ ಗೋಪಾಲಪ್ಪ ಒದ್ದೆ ಪಂಚೆಯಲ್ಲೇ ಓಡಿಬಂದ. ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದನೇನೋ, ಎರಡೂ ಕೈ ಚಾಚಿ ಬಾನೆಟ್ಟಿನ ಮುಂದೆ ನಿಂತ.

"ಗಾಡಿ ತೆಗೀಬೇಡ ಕಣ್ಲಾ. ಆ ಹುಳ ಎಲ್ಲೆಲ್ಲೋ ಹೋಗಿ ಹೊಟ್ಟೆಗೆ ತತ್ತದೆ. ಬಂದು ನೋಡಿದ್ರೆ ಗೂಡೇ ಇಲ್ದಿದ್ರೆ ಏನ್ಮಾಡ್ತದೆ?"

"ಹಬ್ಬದಿಂದ ತೆಗಿ ತೆಗಿ ಅಂತ ಪ್ರಾಣ ತಿಂದಿದ್ದು ನೀನೇ."

"ಅದು ಆಗ. ಈಗ ಎಷ್ಟು ದಿನ ಬೇಕಾದ್ರೂ ನಿಲ್ಲಿಸ್ಕೊ. ಯಾವನಾದ್ರೂ ಕೇಳಿದ್ರೆ ನನ್ ಹೆಸ್ರು ಹೇಳು."

ಮುನೀಂದ್ರನಿಗೆ ಹಳೆಯದೊಂದು ನೆನಪಾಯಿತು. ಸಿಂಧು ಚಿಕ್ಕವಳಿದ್ದಾಗ, ಬಸ್ಸು ಹೊರಟ ಮೇಲೂ ಅವಳು ಓಡಿಬರುವುದು ಕಂಡರೆ ಈ ಮನುಷ್ಯ ಬ್ರೇಕ್ ಹಾಕಿ ಕಾಯುತ್ತಿದ್ದ. ಇವತ್ತೂ ಅವಳಿಗಾಗಿಯೇ ಅಡ್ಡ ನಿಂತಿದ್ದಾನೆ ಅನ್ನಿಸಿತು. ಮುನೀಂದ್ರ ಕೀ ತೆಗೆದು ಕೆಳಗಿಳಿದ. ಮೂರು ಗಂಟೆ ಬಂದು, ಹೊಡೆದು, ಹೋಯಿತು. ಕುಮಾರೇಶ್ ಒಂದು ಲೋಟ ಮಜ್ಜಿಗೆ ಕುಡಿದು, "ಬತ್ತೀನಿ ಸಾರ್," ಎಂದು ಮೆಲ್ಲಗೆ ಬೈಕು ತಳ್ಳಿಕೊಂಡು ನಡೆದ, ಶಬ್ದಕ್ಕೆ ಹುಳ ಬೆದರೀತೆಂದು.

ದೀಪ ಹಚ್ಚುವ ಹೊತ್ತಿಗೆ ಅಂಜಿನಮ್ಮ ತಟ್ಟೆಯಲ್ಲಿ ಅರಿಸಿನ, ಕುಂಕುಮ, ಸಕ್ಕರೆ ಹಿಡಿದು ಬಂದಳು. ಮೊದಲು ಕಾರಿನ ಹಿಂದೆ ಹೋಗಿ ಬಂಪರಿಗೆ ಕುಂಕುಮವಿಟ್ಟಳು. ಆಮೇಲೆ ರಮಾದೇವಿಯ ಬಾಯಿಗೆ ಸಕ್ಕರೆ ಹಾಕಿದಳು.

"ನಮ್ ಭಾನೂಗೆ ನೀರು ನಿಂತದೆ ಕಣೇ ರಮಾ. ಬೆಳಿಗ್ಗೆ ಆ ಅಂಟಿನ ವಾಸ್ನೆಗೆ ವಾಂತಿ ಮಾಡ್ಕೊಂಡ್ಳಲ್ಲ, ನಂಗೆ ಅನುಮಾನ ಬಂತು. ಮಧ್ಯಾಹ್ನಕ್ಕೆ ಡಾಕ್ಟ್ರಮ್ಮನ ಹತ್ರ ಕರ್ಕೊಂಡೋದೆ, ಬಸ್ರಿ ಅಂದ್ರು. ಮನೆಗೆ ಬಂದು ಇವ್ರಿಗೆ ಹೇಳೋದಕ್ಕೂ, ಅಕ್ಕಡೆ ನೀವು ಗೂಡು ಗೂಡು ಅನ್ನೋದಕ್ಕೂ ಸರಿಹೋಯ್ತು ನೋಡು."

"ಗೂಡು ನಮ್ ಗಾಡಿಯಾಗಿರೋದು ಅಂಜಿನಕ್ಕ," ಎಂದ ಮುನೀಂದ್ರ.

"ಗಾಡಿ ನಿಂದೇನಪ್ಪ. ಬಾಲ ನಮ್ ಜಾಗದಾಗಿತ್ತಲ್ಲ. ಅದರೊಳಗೆ ಏನಿದ್ರೂ ನಿಮ್ ಮನೇದೇ ಅಂತ ಬೆಳಿಗ್ಗೆ ನಿನ್ ಬಾಯಿಂದ್ಲೇ ಬಂತು. ಶುಕ್ರವಾರ ಬೇರೆ. ರಂಗೋಲಿ ಬಿಡ್ತಾ ಕೇಳಿಸ್ಕೊಂಡು..."

ರಮಾದೇವಿಯ ಮುಖ ಕಂಡು ಅಂಜಿನಮ್ಮನ ಮಾತು ಅಲ್ಲಿಗೇ ನಿಂತಿತು. ರಮಾದೇವಿ ಬಾಯಲ್ಲಿದ್ದ ಸಕ್ಕರೆಯನ್ನು ನುಂಗಿ, "ಭಾನೂಗೆ ಏನ್ ತಿನ್ಬೇಕು ಅನ್ನಿಸ್ತದೋ ಕೇಳಕ್ಕ, ಮಾಡಿ ಕಳಿಸ್ತೀನಿ," ಎಂದಳು.

ಮುನೀಂದ್ರ ಕಾರಿನ ಹಿಂದೆ ಹೋಗಿ ಗೋಣಿತಾಟಿನ ಮೇಲೆ ಕೂತ. ಬೈಯಬೇಕೆಂದರೆ ಯಾರನ್ನು ಬೈಯುವುದು ಎಂದು ತಿಳಿಯಲಿಲ್ಲ. ಗಾಡಿ ರಸ್ತೆಗಿಳಿಯುವಂತಿಲ್ಲ, ನಿಂತಲ್ಲಿಂದ ಕದಲುವಂತಿಲ್ಲ. ದೀಪದ ತುಂಬ ನೀರು, ತೂತಿನ ತುಂಬ ಪಕ್ಕದ ಮನೆಯ ಭಾಗ್ಯ. ತಾನೇ ತಪಾಸಣೆ ಮಾಡಿ, ತಾನೇ ಪಾಸು ಮಾಡಿ ಕಳಿಸಿದ ಮಾತು. ಹುಳ ಕೊನೆಯದೊಂದು ಮಣ್ಣುಂಡೆ ತಂದು ಎರಡನೆಯ ಮಡಕೆಯ ಬಾಯಿಗೆ ಮೆತ್ತಿ ಹಾರಿಹೋಯಿತು.

ಗೆರೆ ಇದ್ದ ಜಾಗವನ್ನು ದಾಟಿಕೊಂಡು ಗೋಪಾಲಪ್ಪ ಬಂದ. ಕೆಸರಿನಲ್ಲಿ ಅದು ಯಾವಾಗಲೋ ಅಳಿಸಿಹೋಗಿತ್ತು. ಕೈಯಲ್ಲಿ ತಟ್ಟೆ: ಬಿಸಿ ಮುದ್ದೆ, ಹುರುಳಿಸಾರು, ಅಂಚಿಗೆ ಒಂದು ಈರುಳ್ಳಿ ಹೋಳು. ಗೋಣಿತಾಟಿನ ಉಳಿದ ತುದಿಯಲ್ಲಿ ಕೂತು, ತಟ್ಟೆಯನ್ನು ಮುನೀಂದ್ರನ ಕೈಗಿಟ್ಟ. ಅವನು ಹಿಡಿದುಕೊಂಡಿದ್ದಾನೆಂದು ಖಾತ್ರಿಯಾಗುವವರೆಗೂ ತನ್ನ ಕೈ ಬಿಡಲಿಲ್ಲ.