ಹುಮನಾಬಾದದ ಮುಲಾಮಿನ ಕೋಣೆ

ಚರ್ಮದ ಬೇನೆಯವರು ಸಾಲುಗಟ್ಟಿ ಕೂಡುವ ದವಾಖಾನೆಯಲ್ಲಿ ವಾರಕ್ಕೊಂದಾದರೂ ನಗೆಯ ಸಂಗತಿ ನಡೆದೇ ನಡೆಯುತ್ತದೆ. ನಕ್ಕವರಿಗೆ ಸಂಜೆ ಮನೆಯಲ್ಲಿ ರೊಟ್ಟಿ ಮುರಿಯುವಾಗ ಅದೇ ಸಂಗತಿ ನೆನಪಾಗಿ ಮುರಿದ ತುತ್ತು ತಟ್ಟೆಯಲ್ಲೇ ಉಳಿಯುತ್ತದೆ, ಅದು ಬೇರೆ ಮಾತು.

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಎರಡು ವರ್ಷಕ್ಕೆ ನಾನು ಹುಮನಾಬಾದದ ದವಾಖಾನೆಗೆ ನರ್ಸ್ ಆಗಿ ಬಂದೆ. ಗಾಯ ತೊಳೆಯುವುದು, ಮುಲಾಮು ಕಲಸಿ ಡಬ್ಬಿಗೆ ತುಂಬುವುದು ನನ್ನ ಕೆಲಸ. ಅದಕ್ಕೆಂದು ಕೊಟ್ಟ ಕೋಣೆಗೆ ಕಿಟಕಿ ಒಂದೇ. ಗಂಧಕದ ವಾಸನೆ, ಡಾಂಬರದ ವಾಸನೆ ಆ ಕೋಣೆಯಿಂದ ನನ್ನ ಸೀರೆಗೆ ಹತ್ತಿತು, ಸೀರೆಯಿಂದ ಮನೆಗೆ ಬಂತು. ಜನ ನನ್ನನ್ನು ನರಸಬಾಯಿ, ಇಲ್ಲವೇ ಬರೀ ಬಾಯಿ ಅನ್ನುತ್ತಿದ್ದರು.

ಅವ್ವ ಹೇಳಿದ ಮಾತು

ನಮ್ಮ ಡಾಕ್ಟರು ಮೈಸೂರು ಕಡೆಯವರು. ಸುಳ್ಳು ಹೇಳಿ ಸಮಾಧಾನ ಮಾಡುವ ರೂಢಿ ಅವರಿಗಿರಲಿಲ್ಲ. ಒಂದು ದಿನ ಹೊಲದ ಕೂಲಿಗೆ ಹೋಗುವ ಹೆಣ್ಣುಮಗಳೊಬ್ಬಳು ಬಂದಳು. ವಯಸ್ಸು ನಲವತ್ತರ ಹತ್ತಿರ. ಎರಡೂ ಪಾದದ ಮೇಲೆ ಇಸುಬು. ಕೆರೆದು ಕೆರೆದು ಚರ್ಮ ಆನೆ ಚರ್ಮದ ಹಾಗೆ ದಪ್ಪಗಾಗಿತ್ತು, ನಡುನಡುವೆ ಬಿರುಕು, ಬಿರುಕಿನಲ್ಲಿ ನೀರು. ಬೇವಿನ ಎಲೆ ಅರೆದು ಕಟ್ಟಿದ್ದಳು, ದರ್ಗಾದ ಬೂದಿ ಹಚ್ಚಿದ್ದಳು, ಯಾರೋ ಹೇಳಿದರೆಂದು ಬ್ಯಾಟರಿಯೊಳಗಿನ ಕರಿ ಪುಡಿಯನ್ನೂ ಹಚ್ಚಿದ್ದಳು.

ಡಾಕ್ಟರು ನೋಡಿ ಮುಗಿಸಿ ಹೇಳಿದರು: "ಇದು ಪೂರ್ತಿ ಹೋಗುವ ಕಾಯಿಲೆ ಅಲ್ಲಮ್ಮ. ಕೆಲವು ದಿನ ಸುಮ್ಮನಿರುತ್ತೆ, ಕೆಲವು ದಿನ ಕೆರಳುತ್ತೆ. ಕೆರಳಿದಾಗ ನೀನು ಇನ್ನಷ್ಟು ಕೆರಳಿಸಬಾರದು. ತಾಳ್ಮೆಯಿಂದ ಅದರ ಜೊತೆ ಬಾಳೋದು ಕಲಿಯಬೇಕು."

ಅವಳು ಪಾದದ ಮೇಲೆ ಸೀರೆ ಎಳೆದುಕೊಂಡಳು. "ಮದಿವಿ ದಿನ ನಮ್ಮವ್ವ ಇವೇ ಮಾತು ಹೇಳಿ ಕಳಸ್ಯಾಳ್ರಿ ಸಾಹೇಬ್ರ. ಅಂವ ಇಪ್ಪತ್ತೆರಡು ವರ್ಷದಿಂದ ಮನ್ಯಾಗ ಹಂಗೇ ಅದಾನ. ಈ ಕಾಲಿಂದಕ್ಕಾದ್ರೂ ದವಾ ಕೊಡ್ರಿ."

ಡಾಕ್ಟರು ಚಾಳೀಸು ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ನಗಿಸಬೇಕೆಂದು ಅವಳು ಹೇಳಿದ್ದೇ ಅಲ್ಲ.

ಟೈರು ಸುಟ್ಟ ವಾಸನೆ

ಬಸವಕಲ್ಯಾಣದಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಮನೆಯಲ್ಲಿ ಕುಬುಸ ಹೊಲಿದು ಬದುಕುವವಳು. ತಲೆ, ಮೊಣಕೈ, ಬೆನ್ನು, ಎಲ್ಲ ಕಡೆ ಕೆಂಪು ಮಚ್ಚೆ, ಮೇಲೆ ಬೆಳ್ಳಿ ಬಣ್ಣದ ಹೊಟ್ಟು. ಡಾಕ್ಟರು ಅದನ್ನು ಸೋರಿಯಾಸಿಸ್ ಅಂದರು. ಕುಬುಸದ ಬಟ್ಟೆಯ ಮೇಲೆ ಹೊಟ್ಟು ಉದುರುತ್ತದೆಂದು ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋಗಿದ್ದರು. ಡಾಂಬರದ ಮುಲಾಮು ಹಚ್ಚಿದರೆ ಹೊಟ್ಟು ಕಡಿಮೆಯಾಗುತ್ತಿತ್ತು. ಆದರೆ ಆ ಮುಲಾಮಿನ ವಾಸನೆ ಹೊಸದಾಗಿ ರಸ್ತೆ ಹಾಕಿದಂತೆ ಇರುತ್ತಿತ್ತು.

ಒಂದು ಸಲ ನಾನೇ ತಲೆಗೂ ಬೆನ್ನಿಗೂ ಚೆನ್ನಾಗಿ ಹಚ್ಚಿ, ಸೆರಗು ಹೊದಿಸಿ ಕಳಿಸಿದೆ. ಮುಂದಿನ ಸಲ ಬಂದಾಗ ಕೇಳಿದೆ, "ಹೋದ ಸಲ ಊರು ಮುಟ್ಟೂದು ಹ್ಯಾಂಗಾತು?"

"ಎರಡ ಸಲ ಬಸ್ಸು ನಿಂತತ್ರಿ," ಅಂದಳು. "ರಾಜೇಶ್ವರ ಇನ್ನೂ ದೂರ ಇತ್ತು. ಏನೋ ಸುಡಾಕತ್ಯಾದ ಅಂತ ಮಂದಿ ಗದ್ದಲ ಮಾಡಿದ್ರು. ಡ್ರೈವರ್ ಇಳದು ಟೈರ್ ಮುಟ್ಟಿ ನೋಡಿದ. ಏನೂ ಆಗಿದ್ದಿಲ್ಲ. ರಾಜೇಶ್ವರ ದಾಟಿದ ಮ್ಯಾಲ ಮತ್ತ ನಿಲ್ಲಿಸಿದ್ರು, ಈ ಸಲ ಎಲ್ಲಾರ್ನೂ ಇಳಿಸಿದ್ರು."

"ನೀ ಏನ ಮಾಡ್ದಿ?"

"ನಾನೂ ಇಳದೆ. ಎಲ್ಲಾರ ಕೂಡ ನಾನೂ ಬಗ್ಗಿ ಟೈರ್ ನೋಡ್ದೆ. ಒಬ್ಬಾಕಿನೇ ಕೂತ್ರ ಗೊತ್ತಾಗ್ತದಲ್ರಿ." ಆಮೇಲೆ ದನಿ ಇಳಿಸಿ ಹೇಳಿದಳು, "ಎಡಗಡಿ ಹಿಂದಿಂದು ಖರೆನೇ ಸವದಿತ್ರಿ. ಬದಲ್ ಮಾಡ್ರಿ ಅಂತ ಡ್ರೈವರಗ ಹೇಳಿ ಬಂದೆ."

ಸುಣ್ಣ

ನನಗೆ ಇಪ್ಪತ್ತಾರು ನಡೆಯುವಾಗ ಬಲಗೈಯ ಎರಡು ಬೆರಳ ತುದಿ ಬೆಳ್ಳಗಾದವು. ಮುಲಾಮಿನ ಕಾಟವಿರಬೇಕು ಅಂದುಕೊಂಡೆ. ಡಾಕ್ಟರು ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ತೊನ್ನು" ಅಂದರು. ಅವರು ಸುಳ್ಳು ಹೇಳುವವರಲ್ಲ ಅಂತ ಮೊದಲೇ ಹೇಳಿದೆನಲ್ಲ. ಬಾವಂಚಿ ಎಣ್ಣೆ ಹಚ್ಚಿ ದಿನಾ ಬಿಸಿಲಿಗೆ ಕೈ ಹಿಡಿಯಲು ಹೇಳಿದರು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಹಿಡಿದೆ. ಬೆರಳು ಸುಟ್ಟವು, ಬಿಳುಪು ಮಣಿಕಟ್ಟಿಗೆ ಏರಿತು.

ಅದೇ ವರ್ಷ ನನ್ನನ್ನು ನೋಡಲು ಒಂದು ಕಡೆಯಿಂದ ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಎಡಗೈಯಿಂದ ಚಹಾ ಕೊಡುವಂತಿಲ್ಲ. ಬಲಗೈಯಿಂದ ಕೊಟ್ಟೆ. ಹುಡುಗನ ತಾಯಿ ಕಪ್ಪು ಹಿಡಿಯದೆ ಕೈಯನ್ನೇ ನೋಡಿದಳು.

"ಬೆರಳಿಗೆ ಏನಾಗ್ಯಾದ?"

ನಮ್ಮಪ್ಪ ಮಧ್ಯೆ ಬಾಯಿ ಹಾಕಿದ. ಜನ್ಮದಲ್ಲಿ ಸುಳ್ಳು ಹೇಳದವನು. "ಸುಣ್ಣರಿ. ಮುಂಜಾನಿಂದ ಗ್ವಾಡಿಗಿ ಸುಣ್ಣ ಹಚ್ಚಾಕತ್ತಿದ್ದಳು."

ಆ ತಾಯಿ ಮೆತ್ತಗೆ ಹೇಳಿದಳು, "ಹೋಗವಾ, ತೊಳಕೊಂಡು ಬಾ."

ನಾನು ಹಿತ್ತಲಿಗೆ ಹೋದೆ. ತೊಳೆದರೆ ಹೋಗುವುದಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಸಾಬೂನು ಹಚ್ಚಿ ತೊಳೆದೆ. ತೆಂಗಿನ ನಾರು ಹಾಕಿ ತಿಕ್ಕಿದೆ. ಹತ್ತು ನಿಮಿಷ ಆಗಿರಬೇಕು. ಒಳಗೆ ಬರುವಷ್ಟರಲ್ಲಿ ಅವರು ಹೋಗಿದ್ದರು. ಅಪ್ಪ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ನನ್ನ ಕೈ ಮುಟ್ಟಿದ ಚಹಾದ ಕಪ್ಪುಗಳು ಹಾಗೇ ತುಂಬಿ ಕೂತಿದ್ದವು. ಚಹಾಕ್ಕೆ ಮೊದಲು ಅಪ್ಪ ಕೊಟ್ಟಿದ್ದ ಉಪ್ಪಿಟ್ಟಿನ ತಟ್ಟೆಗಳು ಮಾತ್ರ ತೊಳೆದಿಟ್ಟಂತಿದ್ದವು. ಆ ಉಪ್ಪಿಟ್ಟು ಮಾಡಿದ್ದೂ ಇದೇ ಕೈ ಎಂದು ಅವರಿಗೆ ಹೊಳೆದಿರಲಿಲ್ಲ.

ಕೋಳಿ ಪುಚ್ಚ

ಆಮೇಲೆ ಯಾರೂ ನೋಡಲು ಬರಲಿಲ್ಲ. ಬಸವಕಲ್ಯಾಣಕ್ಕೆ ವರ್ಗವಾಯಿತು. ಅಲ್ಲಿ ಹೊಸ ಪಜೀತಿ ಶುರುವಾಯಿತು. ನನ್ನ ಕೈಯಿಂದ ಗುಳಿಗೆ ತೆಗೆದುಕೊಳ್ಳಲು ಜನ ಹಿಂದೇಟು ಹಾಕಿದರು. ಚಿಮಟಿಗೆಯಲ್ಲಿ ಹಿಡಿದು ಕೊಟ್ಟೆ. ಆಗ ಚಿಮಟಿಗೆಯನ್ನು ಅನುಮಾನದಿಂದ ನೋಡಿದರು.

ಅಲ್ಲಿಯ ಡಾಕ್ಟರು ಹುರುಪಿನವರು. ಜನರಿಗೆ ತಿಳಿವಳಿಕೆ ಕೊಡೋಣ ಎಂದು ನನ್ನನ್ನು ರಾಜೇಶ್ವರಕ್ಕೆ ಕರೆದುಕೊಂಡು ಹೋದರು. ಕಟ್ಟೆಯ ಮೇಲೆ ಊರ ಜನ ಕೂತಿದ್ದರು. ಡಾಕ್ಟರು ನನ್ನ ಕೈ ಎತ್ತಿ ಎಲ್ಲರಿಗೂ ತೋರಿಸಿದರು. ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸಿದ ಹಾಗೆ ನನಗನ್ನಿಸಿತು.

"ನೋಡ್ರಿ, ಇದು ತೊನ್ನು. ಕುಷ್ಠ ಅಲ್ಲ. ಕುಷ್ಠದ ಮಚ್ಚಿ ಮ್ಯಾಲ ಮುಟ್ಟಿದ್ರ ತಿಳಿಯೂದಿಲ್ಲ." ನನಗೆ ಕಣ್ಣು ಮುಚ್ಚಲು ಹೇಳಿ ಕೋಳಿ ಪುಚ್ಚದ ಮೆತ್ತನೆಯ ಗರಿಯಿಂದ ಬೆರಳು ಸವರಿದರು. ನಾನು "ತಿಳೀತು" ಅಂದೆ. ಮತ್ತೆ ಸವರಿದರು. "ತಿಳೀತು." ಮೂರನೆಯ ಸಲ ಅವರು ಸವರಲೇ ಇಲ್ಲ, ನಾನು ಸುಮ್ಮನಿದ್ದೆ. ಜನ ತಲೆದೂಗಿದರು. ಡಾಕ್ಟರು ಮುಂದುವರಿಸಿದರು: "ತೊನ್ನು ಯಾರಿಗೂ ಅಂಟೂದಿಲ್ಲ. ಕೈ ಹಿಡದ್ರೂ ಅಂಟೂದಿಲ್ಲ, ಕೂಡಿ ಉಂಡ್ರೂ ಅಂಟೂದಿಲ್ಲ."

ಊರ ಹಿರಿಯರೊಬ್ಬರು ಎದ್ದು ನಿಂತು ಕೈ ಮುಗಿದರು. "ಸಾಹೇಬ್ರ, ಪೂರಾ ತಿಳೀತು. ಯಾರ ಮನಸಿನಾಗೂ ಇನ್ನ ಅನುಮಾನ ಉಳದಿಲ್ಲ. ಇಷ್ಟು ವರ್ಷ ನಾವು ತಪ್ಪು ತಿಳದಿದ್ವಿ."

ಡಾಕ್ಟರ ಮುಖ ಅರಳಿತು. ಗುಳಿಗೆಯ ಡಬ್ಬಿ ತೆರೆದು, ಊರವರಿಗೆ ಹಂಚಲು ನನ್ನ ಕೈಗೆ ಕೊಟ್ಟರು.

ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದರು. "ಆದ್ರ ಗುಳಿಗಿ ಮಾತ್ರ ನೀವೇ ಕೊಡ್ರಿ ಸಾಹೇಬ್ರ. ಆ ತಾಯಿಗಿ ಯಾಕ ಸುಮ್ಮನ ತಕಲೀಫು?"

ಕೆಂಪು ಗುಳಿಗೆ

ಎಂಬತ್ತರ ದಶಕದಲ್ಲಿ ನಾನು ಮತ್ತೆ ಹುಮನಾಬಾದಕ್ಕೆ ಬಂದೆ. ಆ ಹೊತ್ತಿಗೆ ಕುಷ್ಠಕ್ಕೆ ಹೊಸ ಔಷಧ ಬಂದಿತ್ತು. ತಿಂಗಳಿಗೊಮ್ಮೆ ಒಂದು ಕೆಂಪು ಗುಳಿಗೆ, ಅದನ್ನು ರೋಗಿ ನನ್ನೆದುರೇ ನುಂಗಬೇಕು. ಉಳಿದವು ದಿನಾ ಮನೆಯಲ್ಲಿ. ಎರಡು ವರ್ಷ ಬಿಡದೆ ನುಂಗಿದರೆ ಬೇನೆ ಹೋಗುತ್ತದೆ.

ಕೊಡಂಬಲದಲ್ಲಿ ಒಬ್ಬ ಮುದುಕನಿದ್ದ. ಒಕ್ಕಲುತನದವನು. ಎಡಗೈಯ ಬೆರಳು ಮಡಚಿಕೊಂಡಿದ್ದವು. ಮನೆಯವರು ಅವನನ್ನು ದನದ ಕೊಟ್ಟಿಗೆಗೆ ಹಾಕಿ ಏಳು ವರ್ಷವಾಗಿತ್ತು. ಸೊಸೆ ದೂರದ ಕಲ್ಲಿನ ಮೇಲೆ ರೊಟ್ಟಿ ಇಟ್ಟು, ಕೂಗಿ ಹೇಳಿ ಹೋಗುತ್ತಿದ್ದಳು. ನಾನು ಮೊದಲನೆಯ ಕೆಂಪು ಗುಳಿಗೆ ನುಂಗಿಸಿದ ದಿನ ಬಸ್ಸು ಬಂದುಬಿಟ್ಟಿತೆಂದು ಓಡಿದೆ. ಹೇಳಲೇಬೇಕಾದ ಒಂದು ಮಾತು ಮರೆತೆ: ಈ ಗುಳಿಗೆ ನುಂಗಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡಿ.

ಮರುದಿನ ಮೊದಲ ಬಸ್ಸಿಗೆ ಮಗ ಓಡಿಬಂದ. "ಬಾಯಿ, ಅಪ್ಪಗ ರಕ್ತ ಹೋಗಾಕತ್ಯಾದ. ಉಳಿಯೂದಿಲ್ಲ."

ನನ್ನ ತಪ್ಪು ತಕ್ಷಣ ತಿಳಿಯಿತು. ಮಗನ ಜೊತೆಗೇ ಹೊರಟೆ. ಹೋಗಿ ನೋಡಿದರೆ ಮುದುಕ ಕೊಟ್ಟಿಗೆಯಲ್ಲಿರಲಿಲ್ಲ. ಮನೆಯ ನಡುವಿನ ಖೋಲಿಯಲ್ಲಿ ಕೌದಿ ಹಾಸಿ ಮಲಗಿಸಿದ್ದರು. ಏಳು ವರ್ಷ ಮಾತು ಬಿಟ್ಟಿದ್ದ ತಮ್ಮ ಅವನ ಕಾಲು ತಿಕ್ಕುತ್ತಿದ್ದ. ಮೊಮ್ಮಕ್ಕಳು ಸುತ್ತ ಕೂತಿದ್ದರು. ಸೊಸೆ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ, ತನ್ನ ಕೈಯಿಂದಲೇ ತುತ್ತು ಇಡುತ್ತಿದ್ದಳು. ಬೇನೆಗೆ ಹೆದರುವ ಮನೆ ಸಾವಿಗೆ ಹೆದರಿರಲಿಲ್ಲ.

ತಪಾಸಣೆ ಮಾಡಬೇಕೆಂದು ಎಲ್ಲರನ್ನೂ ಹೊರಗೆ ಕಳಿಸಿ, ಮುದುಕನ ಕಿವಿಯ ಹತ್ತಿರ ಹೇಳಿದೆ, "ಅಜ್ಜಾ, ಅದು ರಕ್ತ ಅಲ್ಲ. ಗುಳಿಗಿ ಬಣ್ಣ. ನಿನಗ ಏನೂ ಆಗಿಲ್ಲ."

"ಗೊತ್ತದರಿ," ಅಂದ. "ಮುಂಜಾನಿಂದ ತಿಳಿ ನೀರಿನಂಗ ಹೋಗಾಕತ್ಯಾದ. ನಾ ಯಾರಿಗೂ ತೋರಿಸಿಲ್ಲ."

ನಾನು ಎದ್ದೆ. ಅವನು ಮಡಚಿದ ಬೆರಳಿನಿಂದ ನನ್ನ ಸೆರಗು ಹಿಡಿದ. "ಹೇಳಬ್ಯಾಡ್ರಿ ಬಾಯಿ. ಒಂದ್ ನಾಕ ದಿನ ಹಿಂಗೇ ಸಾಯಾಕ ಬಿಡ್ರಿ."

ಹೊರಗೆ ಬಂದು ನಾನು ಮನೆಯವರಿಗೆ ಹೇಳಿದ್ದಿಷ್ಟು: "ಈಗೇ ಏನೂ ಹೇಳಾಕ ಬರೂದಿಲ್ಲ. ಒಳಗೇ ಇರ್ಲಿ." ದವಾಖಾನೆಯ ಕೆಲಸದಲ್ಲಿ ನಾನು ಹೇಳಿದ ದೊಡ್ಡ ಸುಳ್ಳು ಅದೇ.

ನಾಲ್ಕು ದಿನವಾದ ಮೇಲೂ ಅವನು ಸಾಯಲಿಲ್ಲ, ಆದ್ದರಿಂದ ಕೊಟ್ಟಿಗೆಗೆ ಕಳಿಸಿದರು. ಮುಂದಿನ ತಿಂಗಳು ನಾನು ಹೋದಾಗ ಗುಳಿಗೆ ನುಂಗಿ, ಮನೆಗೆಲ್ಲ ಕೇಳುವ ಹಾಗೆ ಹೇಳಿದ, "ಈ ಸಲ ಮಾತ್ರ ಉಳಿಯೂದಿಲ್ಲ ಕಾಣಸ್ತದ." ಮತ್ತೆ ನಾಲ್ಕು ದಿನ ಒಳಗೆ. ಹೀಗೇ ನಡೆಯಿತು. ಐದಾರು ತಿಂಗಳಿಗೆ ಸೊಸೆಗೆ ತಿಳಿದಿತ್ತು ಅಂತ ನನ್ನ ಅನುಮಾನ. ನಾನು ಬರುವ ದಿನ ಯಾರೂ ಹೇಳದೆಯೇ ಅವಳು ಹಾಲು ಕಾಯಿಸಿಡುತ್ತಿದ್ದಳು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಎರಡು ವರ್ಷ ಮುದುಕ ಒಂದು ತಿಂಗಳೂ ತಪ್ಪಿಸದೆ ಸತ್ತ. ಅಷ್ಟು ಶಿಸ್ತಿನಿಂದ ಗುಳಿಗೆ ನುಂಗಿದ ಇನ್ನೊಬ್ಬ ರೋಗಿಯನ್ನು ನಾನು ನೋಡಿಲ್ಲ.

ಕಡೆಯ ಗುಳಿಗೆ ನುಂಗಿಸಿದ ದಿನ ನನಗೆ ಖುಷಿ ತಡೆಯಲಾಗಲಿಲ್ಲ. "ಅಜ್ಜಾ, ಮುಗೀತು. ಬ್ಯಾನಿ ಪೂರಾ ಹೋತು. ಮುಂದಿನ ತಿಂಗಳದಿಂದ ಕೆಂಪು ಗುಳಿಗಿ ಇಲ್ಲ."

ಅವನು ನೀರಿನ ತಂಬಿಗೆ ಕೆಳಗಿಟ್ಟ. ಕೊಟ್ಟಿಗೆಯ ಬಾಗಿಲ ಕಡೆ ನೋಡಿದ, ಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ಕೇಳಿದ:

"ಹಂಗಾದ್ರ ಇನ್ನ ಮುಂದ ನಾ ಹ್ಯಾಂಗ ಸಾಯಬೇಕ್ರಿ, ಬಾಯಿ?"